ಜೋಡಿ ಒಡೆದ ವರ್ಷ

ಯುಗಾದಿ ಅಮಾವಾಸ್ಯೆಯ ಹಿಂದಿನ ದಿನ ಸುರೇಖಾ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಇಂಗಳೇಶ್ವರದ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಕೈಚೀಲದಲ್ಲಿ ಹಬ್ಬದ ಸಾಮಾನು: ಪುಟಾಣಿ ಹಿಟ್ಟು, ಬೆಲ್ಲ, ಒಣದ್ರಾಕ್ಷಿ, ಗಸಗಸೆ, ಹುಳಿಗೊಂದು ಮಾವಿನಕಾಯಿ. ನಮ್ಮ ಕಡೆ ಬೇವು ಎಂದರೆ ಕಹಿ ಎಲೆ ಅಗಿದು ಮುಖ ಕಿವುಚುವುದಲ್ಲ. ಮಡಕೆಯಲ್ಲಿ ಇದನ್ನೆಲ್ಲ ಕಲಸಿ, ಮೇಲೊಂದಿಷ್ಟು ಬೇವಿನ ಹೂ ಉದುರಿಸಿ, ಲೋಟಗಟ್ಟಲೆ ಕುಡಿಯುವ ತಂಪು ಪಾನಕ ಅದು. ಪಾಡ್ಯದ ದಿನ ಮನೆಗೆ ಕರೆದು ಕುಡಿಸಬೇಕು, ಕರೆದವರ ಮನೆಗೆ ಹೋಗಿ ಕುಡಿಯಬೇಕು. ಈ ಸಲ ಯಾರನ್ನು ಕರೆಯುವುದು, ತಮ್ಮನ್ನು ಯಾರು ಕರೆದಾರು ಅನ್ನುವುದೇ ಅವಳಿಗೆ ತಲೆನೋವಾಗಿತ್ತು.

ಅಷ್ಟರಲ್ಲಿ ಮೀರಾಸಾಬ ಬಂದ. ಹೊಲದ ನೆರೆಯವನು, ವಯಸ್ಸಾದವನು, ಸುಳ್ಳು ಹೇಳಲು ಬಾರದ ಮನುಷ್ಯ. ಬಾರದಿದ್ದದ್ದರಿಂದಲೇ ಊರಲ್ಲಿ ಅವನಿಗೆ ಸ್ನೇಹಿತರು ಕಡಿಮೆ.

"ಸುರೇಖವ್ವಾ, ಒಂದು ಮಾತು ಹೇಳ್ತೇನಿ. ನನ್ನ ಹೆಸರು ಹೊರಗ ಬರಬಾರ್ದು ನೋಡು," ಎಂದ. "ನಿಮ್ಮ ಭಾವ ತನ್ನ ಎತ್ತು ಮಲ್ಯಾನ್ನ ಮಾರಾಕ ಸಿಂದಗಿ ಸಂತಿಗಿ ಹೊಡೀತಾನಂತ. ಪಾಡ್ಯೆ ಮುಗದ ಮರದಿನಾನ."

ಸುರೇಖಾಳ ಕೈಯಿಂದ ಚೀಲ ಜಾರಿತು. ಬಗ್ಗಿ ಎತ್ತಿಕೊಂಡಳು.

"ಖರೇನ ಕಾಕಾ?"

"ಸುಳ್ಳು ಹೇಳಿ ನನಗೇನ ಆಗಬೇಕಾಗೇತಿ? ಹಂಗ ನೋಡಿದ್ರ ನೀವು ಮಲ್ಯಾನ್ನ ತಗೊಂಡ್ರ ನನ್ನ ಎತ್ತು ಸರ್ದಾರ ಮತ್ತ ಒಂಟಿ ಆಗ್ತೈತಿ. ಆದ್ರ ಎರಡ ಮನಿ ಎತ್ತು ಕೂಡಿಸಿ ಗಳೆ ಹೊಡದ್ರ ಏನಾಗ್ತೈತಿ ಅಂತ ಈ ವರ್ಷ ನೋಡೇವಲ್ಲವಾ. ಅದಕ್ಕ ಹೇಳಿದೆ."

"ನಮ್ಮ ಜೋಡಿ ಕೂಡಿದ್ರ ಮೊದಲ ನಿಮ್ಮ ಹೊಲಕ್ಕ ಬರ್ತೈತಿ ಕಾಕಾ," ಎಂದಳು ಅವಳು. ಹೇಳುವುದೇನೋ ಹೇಳಿದಳು. ಕೂಡುವುದು ಹೇಗೆ ಎಂಬುದು ಆ ಭಗವಂತನಿಗೇ ಗೊತ್ತು.

ಸುರೇಖಾಳ ಮನೆಗೂ ಭಾವ ಸಂಗಣ್ಣನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯಾಚೆ ಮಲ್ಯಾ ಕೊರಳು ಅಲುಗಿಸಿದರೆ ಗಂಟೆಯ ಸದ್ದು ಈಚೆ ಕೇಳುತ್ತದೆ. ಅಂಥ ಗೋಡೆಯಾಚೆಯ ಸುದ್ದಿ ಬಾಗೇವಾಡಿ ಸುತ್ತಿ ಅವಳ ಕಿವಿಗೆ ಬರಬೇಕಾಯಿತು. ಒಂದು ವರ್ಷದಲ್ಲಿ ಎರಡು ಮನೆ ಇಷ್ಟು ದೂರ ಹೋಗಿದ್ದವು.

ಬೇರೆಯಾಗಿದ್ದು ಹೋದ ಯುಗಾದಿಗೆ. ದೊಡ್ಡ ಜಗಳ ಏನೂ ನಡೆದಿರಲಿಲ್ಲ. ಬೇರೆಯಾಗೋಣ ಎಂದವಳು ಸುರೇಖಾ, ಮತ್ತು ಅದಕ್ಕೆ ಅವಳ ಬಳಿ ಕಾರಣವಿತ್ತು. ನಾಲತವಾಡದಿಂದ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಬಿತ್ತುವ ಹೊತ್ತಿಗೆ ಕೂರಿಗೆಯ ಹಿಂದೆ ನಡೆಯುವುದು ಅವಳದೇ ಕೆಲಸ. ಉಡಿಯಲ್ಲಿ ಕಾಳು ಕಟ್ಟಿಕೊಂಡು, ಮುಷ್ಟಿ ತುಂಬಿಕೊಂಡು, ಕೂರಿಗೆಯ ಬಟ್ಟಲಿಗೆ ಸಣ್ಣಗೆ ಬಿಡುತ್ತ ಹೋಗಬೇಕು. ಮುಷ್ಟಿ ಬಿಗಿಯಾದರೆ ಸಾಲು ಬರಿದಾಗುತ್ತದೆ, ಸಡಿಲಾದರೆ ಪೈರು ಒಂದರ ಮೇಲೊಂದು ಏಳುತ್ತದೆ. ಸುರೇಖಾಳ ಮುಷ್ಟಿ ಊರಿಗೇ ಹೆಸರು. ಆದರೆ ಉಡಿಯಲ್ಲಿ ಯಾವ ಕಾಳು ಇರಬೇಕು ಅನ್ನುವುದು ಯಾವತ್ತೂ ಭಾವನ ಮಾತು. ತೊಗರಿ ಎಂದರೆ ಪೂರಾ ಹೊಲ ತೊಗರಿ, ಕಡಲೆ ಎಂದರೆ ಪೂರಾ ಕಡಲೆ. ಅವಳ ತವರಿನಲ್ಲಿ ಬಿಳಿಜೋಳದ ಸಾಲುಗಳ ನಡುವೆ ಒಂದು ಸಾಲು ಕುಸುಬೆ, ಒಂದು ಸಾಲು ಅಗಸೆ ಹಾಕುತ್ತಿದ್ದರು. ರೊಟ್ಟಿಗೆ ಜೋಳ, ಒಗ್ಗರಣೆಗೆ ಎಣ್ಣೆ, ಹಿಂಡಿಗೆ ಅಗಸೆ ಒಂದೇ ಹೊಲದಿಂದ ಮನೆಗೆ ಬರುತ್ತಿತ್ತು. ಒಮ್ಮೆಯಾದರೂ ತಾನು ಆರಿಸಿದ ಕಾಳನ್ನು ತನ್ನ ಮುಷ್ಟಿಯಿಂದ ತನ್ನ ಹೊಲಕ್ಕೆ ಬಿಡಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ. ಅಷ್ಟನ್ನು ಕೇಳಲು ಅವಳು ಒಂದು ಸಂಸಾರ ಒಡೆಯಬೇಕಾಯಿತು.

ಹಿರಿಯರು ಬಂದು ಕೂತರು. ಹೊಲ ಅಳೆದರು, ಬದು ಹಾಕಿಸಿದರು. ಗಂಗಾಳ, ಚರಿಗೆ, ಜೋಳದ ಚೀಲ, ಕೊನೆಗೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಕೂಡ ಪಾಲಾದವು. ಉಳಿದದ್ದು ಎತ್ತಿನ ಜೋಡಿ. ಬಿಳಿಯ ಮೈಮೇಲೆ ಕಪ್ಪು ಮಚ್ಚೆಯ ಹಂಡ್ಯಾ, ಅಚ್ಚ ಬಿಳುಪಿನ ಮಲ್ಯಾ. ಹೆಗಲಿಗೆ ನೊಗ ಬಿದ್ದ ದಿನದಿಂದ ಹಂಡ್ಯಾ ಬಲಕ್ಕೆ, ಮಲ್ಯಾ ಎಡಕ್ಕೆ. ಕರೆಯುವುದೇ ಬೇಡ, ನೊಗ ಎತ್ತಿ ಹಿಡಿದರೆ ಎರಡೂ ತಮ್ಮ ತಮ್ಮ ಕಡೆಗೆ ಬಂದು ತಲೆ ಬಗ್ಗಿಸುತ್ತಿದ್ದವು.

ಸಂಗಣ್ಣ ಹೇಳಿದ: "ಜೋಡಿ ಒಡಿಯೂದು ಬ್ಯಾಡ. ಎರಡೂ ತಮ್ಮ ಹೊಡ್ಕೊಂಡು ಹೋಗ್ಲಿ. ನಾ ಟ್ರ್ಯಾಕ್ಟರ್ ಕರಸ್ತೇನಿ."

ಇಲ್ಲಿ ಸುರೇಖಾ ಸುಮ್ಮನಿರಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಭಾವನ ಎದುರು ಬಾಯಿ ತೆರೆದವಳಲ್ಲ. ಏನು ಹೇಳುವುದಿದ್ದರೂ ಸೆರಗು ಹೊದ್ದು, ನೆಗೆಣ್ಣಿ ಸುವರ್ಣಾಳ ಕಿವಿಯಲ್ಲಿ ಹೇಳಬೇಕು, ಸುವರ್ಣಾ ಗಂಡನಿಗೆ ಹೇಳಬೇಕು. ಅವತ್ತು ಮಾತ್ರ ಅವಳ ನಾಲಿಗೆಗೆ ಏನೋ ಸೇರಿಕೊಂಡಿತು. ಪಂಚರ ಎದುರು ನೇರ ಅಂದುಬಿಟ್ಟಳು: "ನಾಳೆ ಯಾರರ 'ಎತ್ತ ಕೊಟ್ಟು ತಮ್ಮನ ಬಾಳೇವು ಹಚ್ಚಿಕೊಟ್ಟೇವಿ' ಅನಬಾರ್ದು. ನಮಗ ಹೆಚ್ಚಿಂದೂ ಬ್ಯಾಡ, ಕಡಿಮಿಂದೂ ಬ್ಯಾಡ. ಒಂದ ಅವರಿಗಿ, ಒಂದ ನಮಗ."

ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಸಂಗಣ್ಣನ ಮುಖ ಸಣ್ಣದಾಯಿತು. "ಆತು," ಎಂದ, ಎದ್ದು ಹೋದ.

ಅವಳ ಗಂಡ ಸಿದ್ಧರಾಮ ಅಲ್ಲೇ ಕೂತಿದ್ದ. ಏನೂ ಅನ್ನಲಿಲ್ಲ. ಅವನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಆ ಎತ್ತುಗಳ ಬಾಯಿಂದ ಹೊರಡಿಸುವುದು ಸುಲಭ. ಜೋಡಿ ಒಡೆದರೆ ಒಂಟಿ ಎತ್ತಿನಿಂದ ಇಬ್ಬರಿಗೂ ಉಪಯೋಗವಿಲ್ಲ ಎಂದು ಕೂಸಿಗೂ ತಿಳಿಯುತ್ತದೆ. ಆದರೂ ಸಮಪಾಲು ಎಂಬ ಹಟದಲ್ಲಿ ನಮ್ಮ ಜನ ಎತ್ತನ್ನೂ ಭರಣಿಯ ಹಾಗೆ ಹಂಚಿಕೊಳ್ಳುತ್ತಾರೆ.

ಮುಂಗಾರಿನ ಹೆಸರುಕಾಳು ಹೇಗೋ ಬಾಡಿಗೆಯ ಎತ್ತು-ಗಳೆಯಲ್ಲಿ ಬಿತ್ತಿ ಆಯಿತು. ಸುರೇಖಾಳ ಕಣ್ಣಿದ್ದದ್ದು ಹಿಂಗಾರಿನ ಜೋಳದ ಮೇಲೆ. ಟ್ರ್ಯಾಕ್ಟರಿನವನಿಗೆ ನಡುನಡುವೆ ಒಂದು ಸಾಲು ಕುಸುಬೆ ಬೇಕೆಂದರೆ ಅವನು ನಕ್ಕು, "ನಿಮ್ಮ ಅಡಗಿಮನಿ ಹೊಲಕ್ಕ ತರಬ್ಯಾಡ್ರಿ ಅಕ್ಕಾರ," ಎಂದ. ಕೂರಿಗೆಯೇ ಆಗಬೇಕು, ಕೂರಿಗೆಗೆ ಜೋಡಿಯೇ ಬೇಕು, ಹಿಂಗಾರಿಗೆ ಬಾಡಿಗೆ ಜೋಡಿ ಸಿಗಲಿಲ್ಲ. ಮೀರಾಸಾಬನದೂ ಒಂಟಿ ಎತ್ತು, ಸರ್ದಾರ. ಹಂಡ್ಯಾನನ್ನೂ ಸರ್ದಾರನನ್ನೂ ಕೂಡಿಸಿ ಇಬ್ಬರ ಹೊಲವನ್ನೂ ಬಿತ್ತುವುದೆಂದು ಮಾತಾಯಿತು.

ನೊಗಕ್ಕೆ ಕಟ್ಟಲು ಹೋದಾಗ ಗೊತ್ತಾಯಿತು, ಸರ್ದಾರನೂ ಬಲಗಡೆಯ ಎತ್ತು.

ಸರ್ದಾರ ಮುದುಕ, ಅವನಿಗೆ ಹೊಸದು ಕಲಿಸುವುದು ಆಗದ ಮಾತು. ಹಂಡ್ಯಾನೇ ಎಡಕ್ಕೆ ಹೋಗಬೇಕಾಯಿತು. ಬಲಗೈಯಲ್ಲಿ ಉಂಡು ಬೆಳೆದವನಿಗೆ ನಾಳೆಯಿಂದ ಎಡಗೈಯಲ್ಲಿ ಉಣ್ಣು ಎಂದ ಹಾಗೆ. ಸಾಲಿನ ತುದಿಯಲ್ಲಿ ತಿರುಗುವಾಗ ಹೊರಗೆ ಹೋಗಬೇಕಾದಲ್ಲಿ ಒಳಗೆ ನುಗ್ಗುತ್ತಿತ್ತು. ಹಗ್ಗ ಎಳೆದರೆ ಹೆದರಿ ಸರ್ದಾರನ ಮೈಗೆ ಒರಗುತ್ತಿತ್ತು, ಆ ಮುದಿ ಎತ್ತು ಕೋಡು ಹಾಕಿ ದೂಡುತ್ತಿತ್ತು. ಮೀರಾಸಾಬನ ಹೊಲ ಮೊದಲು ಬಿತ್ತಿದ್ದಾಯಿತು. ಇವರ ಹೊಲಕ್ಕೆ ಬರುವಷ್ಟರಲ್ಲಿ ಉತ್ತರಿ ಮಳೆಯ ಹಸಿ ಮೇಲಿಂದ ಆರುತ್ತ ಬಂದಿತ್ತು. ಅವಸರಕ್ಕೆ ಬಿದ್ದ ಸಿದ್ಧರಾಮ, ಜೀವಮಾನದಲ್ಲಿ ಎತ್ತಿನ ಮೇಲೆ ಕೈ ಎತ್ತದವನು, ಬಾರುಕೋಲು ತೆಗೆದುಕೊಂಡು ಹಂಡ್ಯಾನ ಬೆನ್ನ ಮೇಲೆ ಬಾರಿಸಿದ. ಮತ್ತೆ ಮತ್ತೆ ಬಾರಿಸಿದ. ಆಮೇಲೆ ಬಾರುಕೋಲು ಎಸೆದು ಬದುವಿನ ಮೇಲೆ ಕೂತುಬಿಟ್ಟ.

ಹಿಂದೆ ಉಡಿಯಲ್ಲಿ ಕಾಳು ಕಟ್ಟಿಕೊಂಡು ನಿಂತಿದ್ದ ಸುರೇಖಾಳಿಗೆ ಆ ಪೆಟ್ಟು ಯಾರಿಗೆ ಬಿದ್ದದ್ದೆಂದು ತಿಳಿಯಿತು. ಅಂದು ಅವಳ ಮುಷ್ಟಿ ನಡುಗಿತು. ತಾನೇ ಆರಿಸಿದ ಜೋಳ, ತವರಿನಿಂದ ತಂದ ಕುಸುಬೆ, ಎಷ್ಟು ವರ್ಷದ ಆಸೆ, ಎಲ್ಲಿ ದಟ್ಟವಾಗಿ ಬಿತ್ತೋ ಎಲ್ಲಿ ಬಿಟ್ಟುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಪೈರು ಎದ್ದಾಗ ಸಾಲು ಕಂಡಿತು. ಹಾವು ಹರಿದ ಹಾಗೆ ಡೊಂಕು. ಕಟ್ಟೆಯ ಮೇಲೆ ಕೂತವರಿಗೆ ವಾರಗಟ್ಟಲೆ ಅದೇ ಮಾತು. "ಏನಪಾ ಸಿದ್ಧರಾಮ, ಬಿತ್ತಿದಿಯೋ, ರಂಗೋಲಿ ಹಾಕಿದಿಯೋ?" ಎಂದು ಕೇಳಿದರು. ಸಾಲು ಡೊಂಕಾದರೆ ನಗೆಪಾಟಲಿಗಷ್ಟೇ ನಿಲ್ಲುವುದಿಲ್ಲ. ಸಾಲಿನ ನಡುವೆ ಕಳೆ ತೆಗೆಯಲು ಎತ್ತು ಹೂಡಿ ಎಡೆ ಹೊಡೆಯಬೇಕಲ್ಲ, ಕುಂಟೆ ನೆಟ್ಟಗೆ ಹೋಗುತ್ತದೆ, ಡೊಂಕಿನಲ್ಲಿ ನಿಂತ ಪೈರು ಕಳೆಯ ಜೊತೆ ಕತ್ತರಿಸಿ ಬೀಳುತ್ತದೆ. ಬಿದ್ದ ಪೈರನ್ನು ಸುರೇಖಾ ಒಂದೊಂದಾಗಿ ಎತ್ತಿ ಬದುವಿಗೆ ಹಾಕಿದಳು. ಸುಗ್ಗಿಯಲ್ಲಿ ಉಣ್ಣುವಷ್ಟು ಜೋಳ ಮನೆಗೆ ಬಂತು, ಉಪವಾಸದ ಮಾತೇನೂ ಇರಲಿಲ್ಲ. ಆದರೆ ಅವಳು ಮನಸ್ಸಿನಲ್ಲಿ ಬೆಳೆದಿದ್ದ ಬೆಳೆ ಅದಾಗಿರಲಿಲ್ಲ.

ಆ ನಡುವೆ ಎಳ್ಳಮಾವಾಸ್ಯೆ ಬಂತು. ಸಜ್ಜಿ ರೊಟ್ಟಿ, ಕಡುಬು, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವ ದಿನ. ಒಬ್ಬರು ಮುಂದೆ ಕೂಗುತ್ತ ಚರಗ ಚೆಲ್ಲಿದರೆ ಇನ್ನೊಬ್ಬರು ಹಿಂದಿನಿಂದ ಓಗೊಡುತ್ತ ನೀರು ಚಿಮುಕಿಸಬೇಕು. ಇಷ್ಟು ವರ್ಷ ಸುರೇಖಾ ಕೂಗುತ್ತಿದ್ದಳು, ಸುವರ್ಣಾ ಓಗೊಡುತ್ತಿದ್ದಳು. ಇಂಡಿ ಕಡೆಯ ಸುವರ್ಣಾಳ ದನಿ ದೊಡ್ಡದು, ಮೂರು ಹೊಲದಾಚೆಗೂ ಕೇಳುತ್ತದೆ. ಈ ಸಲ ಬದುವಿನ ಆಚೆ ಅವರು, ಈಚೆ ಇವರು. ಸುರೇಖಾ ಮೊದಲ ಹಿಡಿ ಚೆಲ್ಲಿ ಕೂಗಿದಳು. ಹಿಂದೆ ನೀರಿನ ಚರಿಗೆ ಹಿಡಿದಿದ್ದ ಸಿದ್ಧರಾಮ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬದುವಿನಾಚೆಯಿಂದ ಓಗೊಟ್ಟ ದನಿ ಬಂತು. ಸುವರ್ಣಾಳದು. ರೂಢಿ, ಬಾಯಿ ಮನಸ್ಸನ್ನು ಕೇಳಲಿಲ್ಲ. ಇಬ್ಬರೂ ಹೆಂಗಸರು ತಟ್ಟನೆ ತಿರುಗಿ ನೋಡಿಕೊಂಡರು, ತಟ್ಟನೆ ಮುಖ ತಿರುಗಿಸಿದರು. ಉಳಿದ ಚರಗವನ್ನು ಸುರೇಖಾ ಬಾಯಿ ಬಿಡದೆ ಚೆಲ್ಲಿದಳು.

ಒಂದು ಸಮಾಧಾನವೆಂದರೆ ಹಂಡ್ಯಾ ಕಲಿತಿತು. ಹೆಗಲ ಮೇಲೆ ಬಾವು ಬಂದು, ಒಡೆದು, ಮಾಯ್ದು, ಅಲ್ಲಿ ಕೂದಲಿಲ್ಲದ ಗುರುತು ಉಳಿಯಿತು. ಸುಗ್ಗಿಯ ಹೊತ್ತಿಗೆ ಬಂಡಿ ಹೂಡಲು ಹೋದರೆ ತಾನೇ ನೊಗದ ಎಡಕ್ಕೆ ಬಂದು ತಲೆ ಕೊಡುತ್ತಿತ್ತು. "ಕಲ್ತ ಬಿಟ್ಟ ನೋಡು ಮಗ!" ಎಂದು ಮೀರಾಸಾಬ ಅದರ ಕೊರಳು ತಟ್ಟಿದ್ದ. ಎಲ್ಲರಿಗೂ ಹಗುರಾಗಿತ್ತು.

ಬಾಗೇವಾಡಿಯಿಂದ ಬಂದ ಸಂಜೆ ಸುರೇಖಾ ಗಂಡನಿಗೆ ಸುದ್ದಿ ಹೇಳಿದಳು. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ.

"ಮಲ್ಯಾನ್ನ ಮಾರ್ತಾರಂತ್ರಿ."

"ಮಾರ್ಲಿ. ಅವರ ಎತ್ತು."

"ನಮಗ ಬೇಕಲ್ರಿ? ಜೋಡಿ ಇದ್ರ ಈ ವರ್ಷ ಹಸಿ ಇದ್ದಾಗಽ ಬಿತ್ತಬಹುದು. ಸಾಲು ನೆಟ್ಟಗ ಬರ್ತಾವ. ಕುಸುಬಿ, ಅಗಸಿ ಎಲ್ಲಾ ನಾವು ಅಂದಂಗ ಹಾಕಬಹುದು."

ಅವನು ಹೊಸೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಏನೋ ಹೇಳುವವನಿದ್ದ. ಆ ಮಾತು ಯಾವುದೆಂದು ಸುರೇಖಾಳಿಗೆ ಗೊತ್ತಿತ್ತು. 'ಅವತ್ತ ಎರಡೂ ತಗೊಂಡಿದ್ರ...' ಬಿತ್ತಿಗೆಯಲ್ಲಿ, ಎಡೆ ಹೊಡೆಯುವಾಗ, ಕಟ್ಟೆಯ ಮೇಲಿನ ಜನ ನಕ್ಕು ಬಂದ ದಿನ, ವರ್ಷವಿಡೀ ಆ ಮಾತು ಅವನ ಗಂಟಲತನಕ ಬಂದು ಒಳಗೆ ಹೋಗುವುದನ್ನು ಅವಳು ನೋಡಿದ್ದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಅವನು ಬೈಯಲಿಲ್ಲ. ಈಗಲೂ ತಲೆ ತಗ್ಗಿಸಿ ಹಗ್ಗ ಹೊಸೆಯತೊಡಗಿದ.

ಅಮಾವಾಸ್ಯೆಯ ದಿನವಿಡೀ ಅವಳು ಗೋಡೆಯಾಚೆಯ ಗಂಟೆಯ ಸದ್ದಿಗೆ ಕಿವಿಗೊಟ್ಟುಕೊಂಡೇ ಎಣ್ಣೆನೀರು ಹಾಕಿದಳು, ಹೋಳಿಗೆ ಬೇಯಿಸಿದಳು. ಹೊತ್ತು ಮೀರಿದರೆ ಆ ಸದ್ದು ಇನ್ನು ಕೇಳುವುದಿಲ್ಲ ಅನ್ನಿಸಿದಾಗೆಲ್ಲ ಒಲೆ ಬಿಟ್ಟು ಗೋಡೆಯ ಹತ್ತಿರ ಹೋಗುತ್ತಿದ್ದಳು. ಆದರೆ ಯಾವ ಮುಖ ಹೊತ್ತು ಹೋಗುವುದು? ಅವತ್ತು ಪಂಚರ ಎದುರು ಬೇಡವೆಂದವಳು ಇವತ್ತು ಬೇಕೆಂದು ಕೈ ಚಾಚಿದರೆ ಸುವರ್ಣಾ ಊರ ತುಂಬ ಡಂಗುರ ಹೊಡೆಯದೆ ಬಿಟ್ಟಾಳೆಯೇ?

ಪಾಡ್ಯದ ಬೆಳಿಗ್ಗೆ ಬೇವು ಕಲಸಿ, ಮೊದಲ ತಂಬಿಗೆಯನ್ನು ತುಂಬಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, ತನ್ನ ಬಾಗಿಲು ದಾಟಿ ಪಕ್ಕದ ಬಾಗಿಲಿಗೆ ಹೋಗಿ ನಿಂತಳು.

"ಯಕ್ಕಾ, ಬೇವು ತಂದೀನ್ರಿ."

ಸುವರ್ಣಾ ಹೊರಬಂದಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಒಳಗ ಬಾ. ಬಾಗಲದಾಗ ನಿಂತು ಕುಡಸಾಕ ನಾವೇನ ಹಾದಿ ಹೋಗಾವ್ರಾ?"

ಸುವರ್ಣಾ ಬೇವು ಕುಡಿದಳು. ಬೆಲ್ಲ ಕಡಿಮೆಯಾಗಿದೆ ಎಂದಳು. ಆಗಿರಲಿಲ್ಲ. ಸುರೇಖಾ ಹೌದೆಂದು ಒಪ್ಪಿಕೊಂಡಳು, ಆಮೇಲೆ ಮೆಲ್ಲಗೆ, "ಮಲ್ಯಾನ್ನ ಸಂತಿಗಿ ಹೊಡಿಬ್ಯಾಡ್ರಿ ಅಂತ ಭಾವಾಗ ಹೇಳ್ರಿ ಯಕ್ಕಾ," ಎಂದಳು.

"ನಾ ಯಾಕ ಹೇಳ್ಲಿ?" ಸುವರ್ಣಾಳ ದನಿ ಏರಿತು. "ಅವತ್ತ ಪಂಚರ ಮುಂದ ನೀನ ಮಾತಾಡಿದಿ. ನಡುವ ನಾ ಇರಲಿಲ್ಲ. ಇವತ್ತೂ ನೀನ ಮಾತಾಡು. ಗ್ವಾದಲಿ ಹತ್ರ ಕೂತಾರ, ಹೋಗು."

ಸುರೇಖಾಳಿಗೆ ಅಲ್ಲಿಂದಲೇ ತಿರುಗಿ ಓಡಿಹೋಗಬೇಕು ಅನ್ನಿಸಿತು. ಗಂಟೆ ಸದ್ದಾಯಿತು. ಅವಳು ದನದ ಕೊಟ್ಟಿಗೆಯ ಕಡೆಗೆ ನಡೆದಳು.

ಸಂಗಣ್ಣ ಮಲ್ಯಾನ ಕೋಡಿಗೆ ಎಣ್ಣೆ ಸವರುತ್ತಿದ್ದ. ಸಂತೆಗೆ ಹೊಡೆಯುವ ಎತ್ತನ್ನು ಸಿಂಗರಿಸುವುದು ರೂಢಿ. ಆದರೆ ಅವನ ಕೈ ಬಹಳ ನಿಧಾನವಾಗಿ ಸವರುತ್ತಿತ್ತು. ವರ್ಷವಿಡೀ ಕೆಲಸವಿಲ್ಲದ ಎತ್ತಿಗೆ ಮೇವು ಹಾಕಿ ಕಟ್ಟಿಕೊಂಡಿದ್ದವನು ಅವನು. ಯಾಕೆಂದು ಯಾರೂ ಕೇಳಿರಲಿಲ್ಲ.

"ಭಾವಾರ," ಎಂದಳು. ಜೀವಮಾನದಲ್ಲಿ ಅವನೊಡನೆ ನೇರ ಆಡಿದ ಎರಡನೆಯ ಮಾತು. "ಮಲ್ಯಾನ್ನ ನಮಗ ಕೊಡ್ರಿ. ಅವತ್ತ ಬ್ಯಾಡ ಅಂದಿದ್ದು ನನ್ನ ತಪ್ಪು."

ಸಂಗಣ್ಣ ತಿರುಗಿ ನೋಡಲಿಲ್ಲ. ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಅವತ್ತಽ ಕೊಟ್ಟಿದ್ದೆ," ಎಂದ. "ಕೊಟ್ಟದ್ದನ್ನ ಎರಡ ಸಲ ಕೊಡಾಕ ಬರೂದಿಲ್ಲ. ಬಿಚ್ಕೊಂಡು ಹೋಗು."

ಸುರೇಖಾ ಗೂಟದಿಂದ ಹಗ್ಗ ಬಿಚ್ಚಿದಳು.

ಪಾಡ್ಯದ ದಿನ ಹೊಲಕ್ಕೆ ಹೋಗಿ ಗಳೆ ಪೂಜಿಸಿ ನಾಲ್ಕು ಸಾಲು ಹೊಡೆದು ಬರುವುದು ಆ ಮನೆಯ ಪದ್ಧತಿ. ಸುರೇಖಾ ಮುಂದೆ ಮಲ್ಯಾನನ್ನು ಹಿಡಿದು ನಡೆದಳು, ಹಿಂದೆ ಸಿದ್ಧರಾಮ ಹಂಡ್ಯಾನ ಜೊತೆ. ಎತ್ತುಗಳು ಒಂದನ್ನೊಂದು ಮೂಸಿದವು, ಹಂಡ್ಯಾ ಮಲ್ಯಾನ ಕೊರಳು ನೆಕ್ಕಿತು. ಸಿದ್ಧರಾಮನ ಮುಖದಲ್ಲಿ ಒಂದು ವರ್ಷದಿಂದ ಕಾಣದ ಬೆಳಕು ಕಂಡಿತು. ಬದುವಿನಾಚೆ ಸಂಗಣ್ಣ, ಸುವರ್ಣಾ ಕೂಡ ಬಂದು ನಿಂತಿದ್ದರು, ತಮ್ಮ ಹೊಲ ನೋಡಲು ಬಂದವರ ಹಾಗೆ. ಇನ್ನೇನು, ಎಲ್ಲ ಮೊದಲಿನಂತಾಯಿತು ಎಂದು ಸುರೇಖಾ ಅಂದುಕೊಂಡಳು.

ಸಿದ್ಧರಾಮ ನೊಗ ಎತ್ತಿ ಹಿಡಿದ. ಮಲ್ಯಾ ತಾನೇ ತಾನಾಗಿ ಎಡಕ್ಕೆ ಬಂದು ತಲೆ ಬಗ್ಗಿಸಿತು. ಹಂಡ್ಯಾ ಸುತ್ತಿ ಬಂದು ಅದೂ ಎಡಕ್ಕೇ ನಿಂತಿತು.

ಎಲ್ಲರೂ ನಕ್ಕರು, ಸುರೇಖಾಳೂ ನಕ್ಕಳು. ಸಿದ್ಧರಾಮ ಹಂಡ್ಯಾನನ್ನು ಹಿಡಿದು ಬಲಕ್ಕೆ ತಂದ. ಅದು ನೊಗದ ಹಿಂದಿನಿಂದ ಸುತ್ತಿ ಮತ್ತೆ ಎಡಕ್ಕೆ ಬಂದು, ಮಲ್ಯಾನನ್ನು ಪಕ್ಕೆಯಿಂದ ದೂಡಿ, ಕೂದಲಿಲ್ಲದ ಹೆಗಲನ್ನು ನೊಗಕ್ಕೆ ಕೊಟ್ಟಿತು. ಎಷ್ಟು ಕಷ್ಟಪಟ್ಟು ಕಲಿತ ಪಾಠ! ತಪ್ಪಿದರೆ ಪೆಟ್ಟು ಬೀಳುತ್ತದೆಂದು ಅದಕ್ಕೆ ಗೊತ್ತು. ಬಲವಂತವಾಗಿ ಬಲಕ್ಕೆ ಕಟ್ಟಿದರೆ ಕೊರಳು ಒದರಿ ನೊಗ ಕೆಡವಿತು. ಮಲ್ಯಾನನ್ನು ಬಲಕ್ಕೆ ತಂದರೆ ಅದೂ ಹಿಂದೆ ಹಿಂದೆ ಸರಿಯಿತು. ನಗು ನಿಂತಿತು.

"ಹಂಡ್ಯಾ ಎಡಕ್ಕ ಯಾವಾಗ ಕಲ್ತಾ?" ಎಂದು ಸಂಗಣ್ಣ ಬದುವಿನಾಚೆಯಿಂದ ಕೇಳಿದ. ಪಕ್ಕದ ಮನೆಯ ಎತ್ತು ಏನು ಕಲಿತಿದೆ ಎಂಬುದು ಅವನಿಗೂ ತಿಳಿದಿರಲಿಲ್ಲ.

"ಸುಗ್ಗಿ ಹೊತ್ತಿಗ್ರಿ," ಎಂದಳು ಸುರೇಖಾ. ಸಿದ್ಧರಾಮ ಬಗ್ಗಿ ಬಾರುಕೋಲು ಎತ್ತಿಕೊಂಡ. ಹಂಡ್ಯಾನ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ. ವರ್ಷದಿಂದ ಗಂಟಲಲ್ಲಿದ್ದ ಮಾತು ಕೊನೆಗೂ ಹೊರಬಿತ್ತು.

"ಅವತ್ತ ಎರಡೂ ತಗೊಂಡಿದ್ರ ಇದ್ಯಾವದೂ ಇರತಿದ್ದಿಲ್ಲ."

ಅಣ್ಣ, ಅತ್ತಿಗೆ ಇಬ್ಬರ ಎದುರೂ ಅಂದಿದ್ದ. ಸುರೇಖಾಳಿಗೆ ಕೆನ್ನೆಗೆ ಹೊಡೆದಂತಾಯಿತು. ವರ್ಷವಿಡೀ ಕಾದಿದ್ದ ಪೆಟ್ಟು ಅದು.

"ಹೌದ್ರಿ," ಎಂದಳು ಆಮೇಲೆ. "ಖರೆ. ಆದ್ರ ನೀವೂ ಅಲ್ಲೇ ಕೂತಿದ್ರಿ. ಅವತ್ತಽ ಅಂದಿದ್ರ ನಾ ಕೇಳತಿದ್ದೆ. ಒಂದ ವರ್ಷ ಹೊಟ್ಯಾಗ ಇಟ್ಕೊಂಡು ಈ ಮೂಕ ಪ್ರಾಣಿ ಮ್ಯಾಲ ತೀರಿಸ್ಕೊಂಡ್ರಿ."

ಸಿದ್ಧರಾಮ ಬಾರುಕೋಲನ್ನು ನೋಡಿದ. ಮೆಲ್ಲಗೆ ಅದನ್ನು ನೆಲಕ್ಕೆ ಹಾಕಿದ.

ಸಂಗಣ್ಣ ಬದು ದಾಟಿ ಈಚೆ ಬಂದ. ಹಂಡ್ಯಾನ ಹೆಗಲ ಗುರುತಿನ ಮೇಲೆ ಕೈಯಾಡಿಸಿದ. "ಯಾವದಾರ ಒಂದು ಹೊಸದಾಗಿ ಕಲೀಬೇಕು," ಎಂದ. "ಹಂಡ್ಯಾ ಬಲಕ್ಕ ಹಳಬ. ಎರಡ ಏಟ ಬಿದ್ರ ಲಗೂನ ನೆನಪಾಗತೈತಿ."

"ಬ್ಯಾಡ್ರಿ," ಎಂದಳು ಸುರೇಖಾ. ಇದು ಎಷ್ಟನೆಯ ಮಾತೋ, ಲೆಕ್ಕ ತಪ್ಪಿತ್ತು. "ಅದಕ್ಕ ಬಡದು ಕಲಿಸೇವಿ. ಕಲತದ್ದನ್ನ ಮರಿ ಅಂತ ಮತ್ತ ಬಡ್ಯಾಕ ನನ್ನ ಕಡಿಂದ ಆಗೂದಿಲ್ಲ. ಮಲ್ಯಾ ಬಲಕ್ಕ ಬರ್ಲಿ. ಬಡ್ಯೂದೂ ಬ್ಯಾಡ. ನಾ ಮುಂದ ಹಿಡ್ಕೊಂಡು ನಡೀತೇನಿ."

ಹೋದ ಸಲ ಹಂಡ್ಯಾನ ಮುಂದೆ ಯಾರೂ ನಡೆದಿರಲಿಲ್ಲ. ಅದು ಆಗ ಯಾರಿಗೂ ಹೊಳೆದಿರಲಿಲ್ಲ. ಎಲ್ಲರಿಗೂ ಬಿತ್ತುವ ಅವಸರ.

ಅವಳು ಮಲ್ಯಾನ ಮೂಗುದಾರದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನೊಗದ ಬಲಕ್ಕೆ ತಂದಳು. ಅದರ ಕಿವಿಯ ಬಳಿ ಬಾಯಿಟ್ಟು ಏನೇನೋ ಹೇಳಿದಳು. ಮಲ್ಯಾ ಹಿಂದೆ ಸರಿಯಿತು, ನಿಂತಿತು, ಕೊನೆಗೆ ತಲೆ ಕೊಟ್ಟಿತು. ಸಿದ್ಧರಾಮ ಗಳೆ ಒತ್ತಿ ಹಿಡಿದ. ಒಂದೊಂದು ಹೆಜ್ಜೆಗೂ ಎತ್ತು ಎಡಕ್ಕೆ ವಾಲುತ್ತಿತ್ತು, ಅವಳು ಮೈಯನ್ನೆಲ್ಲ ಬಿಟ್ಟು ಬಲಕ್ಕೆ ಎಳೆಯುತ್ತಿದ್ದಳು. ತಲೆಯ ಮೇಲಿನ ಸೆರಗು ಜಾರಿ ಬೆನ್ನಿಗೆ ಬಿತ್ತು. ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಭಾವ ನೋಡುತ್ತಿದ್ದ, ನೋಡಲಿ. ಒಂದು ಸಾಲು ಮುಗಿಯುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ತಿರುಗಿ ನೋಡಿದಳು. ಸಾಲು ನೆಟ್ಟಗೇನೂ ಇರಲಿಲ್ಲ.

ಸಾಲಿನ ತುದಿಗೆ ಬದುವಿನ ಮೇಲೆ ಸುವರ್ಣಾ ನಿಂತಿದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಎರಡ-ಮೂರ ತಿಂಗಳದಾಗ ಮಿರಗದ ಮಳಿ ಬಂದ್ರ ಬಿತ್ತಬೇಕು. ಅಷ್ಟರಾಗ ಇದು ಕಲಿಯೂದಿಲ್ಲ. ಹಂಡ್ಯಾಗ ಸುಗ್ಗಿತನಾ ಹಿಡೀತಂತ. ನೀ ಮುಂದ ಹಗ್ಗ ಹಿಡ್ಕೊಂಡು ನಡದ್ರ ಹಿಂದ ಕಾಳ ಬಿಡಾವ್ರ ಯಾರು?"

ಸುರೇಖಾ ಅದನ್ನು ಯೋಚಿಸಿರಲಿಲ್ಲ. ಯಾವುದಕ್ಕಾಗಿ ಬೇರೆಯಾಗಿದ್ದಳೋ, ಯಾವುದಕ್ಕಾಗಿ ಜೋಡಿ ಒಡೆದಳೋ, ಇವತ್ತು ಯಾವುದಕ್ಕಾಗಿ ಮಾನ ಬಿಟ್ಟು ಭಾವನ ಕೊಟ್ಟಿಗೆಗೆ ಹೋಗಿ ನಿಂತಳೋ, ಅದೇ ಈಗ ಕೈಯಿಂದ ಜಾರುತ್ತಿತ್ತು. ತನ್ನ ಹೊಲ, ತಾನು ಆರಿಸಿದ ಕಾಳು. ಬಿಡುವ ಮುಷ್ಟಿ ಮಾತ್ರ ತನ್ನದಲ್ಲ. ಹಗ್ಗವನ್ನು ಬೇರೆ ಯಾರ ಕೈಗಾದರೂ ಕೊಡಬಹುದೇ ಎಂದು ಸುತ್ತ ನೋಡಿದಳು. ಮಲ್ಯಾ ಬುಸುಗುಡುತ್ತ ಅವಳ ಭುಜಕ್ಕೆ ಮೂತಿ ಒತ್ತಿ ನಿಂತಿತ್ತು.

"ಕಾಳು ನೀ ಆರಿಸಿ ಕೊಡು," ಎಂದಳು ಸುವರ್ಣಾ, ಬೇರೆ ಕಡೆ ನೋಡುತ್ತ. "ಬಿಡಾಕ ನಾ ಬರ್ತೇನಿ. ನನ್ನ ಮುಷ್ಟಿ ನಿನ್ನಂಗ ಅಲ್ಲ, ದಟ್ಟ ಬೀಳ್ತೈತಿ. ಆಮ್ಯಾಲ ಅದನ್ನೂ ಊರ ಮುಂದ ನಿಂತು ಅನಬ್ಯಾಡ."

ಸುರೇಖಾಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೆಂದು ಹೇಳುವುದು ಕಷ್ಟ.

"ಅನ್ನೂದಿಲ್ರಿ ಯಕ್ಕಾ," ಎಂದಳು.

ಹಗ್ಗ ಬಿಗಿ ಹಿಡಿದು ಎರಡನೆಯ ಸಾಲಿಗೆ ಮಲ್ಯಾನನ್ನು ತಿರುಗಿಸಿದಳು. ಅದು ಒಳಗೆ ನುಗ್ಗಿತು. ಅವಳು ನಿಂತಳು, ಅದು ಸರಿಯಾಗುವವರೆಗೆ ಕಾದಳು, ಮತ್ತೆ ನಡೆದಳು.